ಅರ್ಪಣೆಯ ಪುಟದಲ್ಲೇ ಅತ್ತವರು

ಪ್ರೇಮ ಕಾದಂಬರಿ ಬರೆಯುವವಳ ಮನೆಯಲ್ಲಿ ಪ್ರೇಮ ತುಂಬಿ ತುಳುಕುತ್ತಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ಪಂಚಾಂಗ ನೋಡಿ ಮುಹೂರ್ತ ಇಡುವವರ ಮನೆಯಲ್ಲೂ ಹಾಲು ಒಡೆಯುತ್ತದೆ. ನನ್ನ ಯಜಮಾನರು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲರು. ಮದುವೆಯಾದ ಹೊಸದರಲ್ಲಿ ಅವರು ನನಗೆ ಹೇಳಿದ ಅತ್ಯಂತ ಮೃದುವಾದ ಮಾತೆಂದರೆ, "ಈ ಕೆಂಪು ಸೀರಿ ನಿನಗ ಚಲೋ ಒಪ್ಪತೈತಿ, ಒಂದನೇ ನಂಬರ್ ಡಬ್ಬಿ ಕಾಯಿ ಬಣ್ಣ." ಡಬ್ಬಿ ಎಂದರೆ ನಮ್ಮ ಕಡೆಯ ಗಿಡ್ಡನೆಯ, ಮೈತುಂಬ ಸುಕ್ಕಿರುವ ಮೆಣಸಿನಕಾಯಿ. ಆಗ ನನಗೆ ಇಪ್ಪತ್ತೆರಡು ವರ್ಷ. ಆದರೂ ಸಿಕ್ಕಿದ್ದನ್ನು ಬಿಡುವ ಸ್ವಭಾವ ನನ್ನದಲ್ಲ. ಆ ಮಾತನ್ನು ಎರಡು ಕಾದಂಬರಿಗಳಲ್ಲಿ ಬಳಸಿದ್ದೇನೆ, ಮೆಣಸಿನಕಾಯಿ ತೆಗೆದು ಆ ಜಾಗದಲ್ಲಿ ಗುಲಾಬಿ ಇಟ್ಟು.

ನನ್ನ ಬರವಣಿಗೆ ನಡೆಯುವುದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಕುಕ್ಕರಿನ ಸೀಟಿಯ ಲೆಕ್ಕದಲ್ಲಿ. ಮೊದಲ ಸೀಟಿಗೆ ನಾಯಕಿ ಮುನಿಯಬೇಕು, ನಾಲ್ಕನೆಯದಕ್ಕೆ ಒಲಿಯಬೇಕು. ಹೆಸರುಬೇಳೆ ಇಟ್ಟ ದಿನ ಮುನಿಸು ಎರಡೇ ಪ್ಯಾರಾದಲ್ಲಿ ತೀರುತ್ತದೆ. ಕಡಲೆಕಾಳು ಇಟ್ಟ ದಿನ ವಿರಹ ನಾಲ್ಕು ಪುಟಕ್ಕೆ ಹಬ್ಬುತ್ತದೆ. ನನ್ನ ನಾಯಕರೆಲ್ಲ ಆರಡಿ ಎತ್ತರದ ಹಡಗಿನ ಕ್ಯಾಪ್ಟನ್ನರು. ಹಾವೇರಿ ಜಿಲ್ಲೆಯಲ್ಲಿ ಸಮುದ್ರವಿಲ್ಲ, ಹಾಗಾಗಿ ತಪ್ಪು ಹಿಡಿಯುವವರೂ ಇಲ್ಲ. ಪ್ರಕಾಶಕರಿಗೆ ಕಳಿಸಿದ ಹಸ್ತಪ್ರತಿಗಳು ಹೋದಷ್ಟೇ ವೇಗದಲ್ಲಿ ತವರಿಗೆ ಮರಳಿದ ಮೇಲೆ, ನಾನೇ ಪ್ರಕಾಶಕಿಯೂ ಆದೆ. ರಾಣೆಬೆನ್ನೂರಿನಲ್ಲಿ ಮದುವೆ ಪತ್ರಿಕೆ ಮುದ್ರಿಸುವವರೊಬ್ಬರು ಪುಸ್ತಕ ಮಾಡಿಕೊಡುತ್ತಾರೆ. ಓದಿ ಹೇಗನ್ನಿಸಿತು ಎಂದು ಒಮ್ಮೆ ಅವರನ್ನು ಆಸೆಯಿಂದ ಕೇಳಿದ್ದೆ. "ಅಕ್ಕಾರ, ನಾವು ಅಕ್ಷರ ಅಷ್ಟ ನೋಡತೇವ್ರಿ. ಕಥಿ ಓದಕೋತ ಕುಂತ್ರ ಲಗ್ನ ಮುಗದ ಹೋಗತಾವು" ಎಂದರು.

ನನಗೊಂದು ಆಸೆ ಇತ್ತು. ಸಣ್ಣ ಆಸೆಯೇನಲ್ಲ, ಹೊಟ್ಟೆಯೊಳಗೆ ಕೂತು ಕೊರೆಯುವಂಥದ್ದು: ನನ್ನ ಪುಸ್ತಕ ಓದಿ ಯಾರಾದರೂ ಒಬ್ಬರು ಅಳಬೇಕು. ಮೊದಲೆರಡು ಕಾದಂಬರಿಗಳಲ್ಲಿ ನಾಯಕಿಯರನ್ನು ಏನೆಲ್ಲ ಗೋಳಾಡಿಸಿದರೂ ಓದುಗರ ಕಣ್ಣು ಒದ್ದೆಯಾಗಲಿಲ್ಲ. ಕರ್ಜಗಿಯಲ್ಲಿರುವ ನನ್ನ ತಂಗಿ, ಒಡಹುಟ್ಟಿದವಳು, "ವ್ಯಾಳೆ ಹೋತು ನೋಡವಾ" ಎಂದಷ್ಟೇ ಹೇಳಿದಳು, ಅಂದರೆ ಹೊತ್ತು ಕಳೆಯಿತು, ಅಷ್ಟೇ. ಹಾಗಾಗಿ ಮೂರನೆಯದರಲ್ಲಿ ಕಡಲೆಕಾಳಿನ ಮೇಲೆ ಕಡಲೆಕಾಳು ಬೇಯಿಸಿ, ಕ್ಯಾಪ್ಟನ್ನನನ್ನು ನಿಶ್ಚಿತಾರ್ಥದ ಮರುದಿನವೇ ಹಡಗು ಹತ್ತಿಸಿ, ವಾಪಸು ಬರಗೊಡಲೇ ಇಲ್ಲ. ಐನೂರು ಪ್ರತಿ ಬಂದವು. ಮಂಚದ ಕೆಳಗಿನ ಜಾಗವನ್ನು ಮೊದಲೆರಡು ಕಾದಂಬರಿಗಳು ಆಗಲೇ ಹಿಡಿದಿದ್ದವು. ಯಜಮಾನರು ಯೋಚನೆಯನ್ನೇ ಮಾಡದೆ, "ನಮ್ಮ ಗೋದಾಮಿನ್ಯಾಗ ಇಡು, ಇಲಿ ಹತ್ತಿರ ಬರಂಗಿಲ್ಲ" ಎಂದರು. ಇಲಿ ಯಾಕೆ ಬರುವುದಿಲ್ಲ ಎಂದು ನಾನು ಆಗ ಕೇಳಬೇಕಿತ್ತು.

ಸುಗ್ಗಿ ಮುಗಿಯುವವರೆಗೆ ಕಟ್ಟುಗಳು ಅಲ್ಲೇ ಇದ್ದವು. ಯುಗಾದಿ ಕಳೆದ ಮೇಲೆ ಬಿಚ್ಚಿ ಹಂಚಿದೆ. ವಾರ ಕಳೆಯುವಷ್ಟರಲ್ಲಿ ಹಾವೇರಿಯಿಂದ ಹಸೀನಾ ಟೀಚರ್ ಫೋನು ಮಾಡಿದರು. ಅವರು ನಿವೃತ್ತ ಕನ್ನಡ ಶಿಕ್ಷಕಿ. ಪ್ರತಿ ಶನಿವಾರ ಹತ್ತು ಹನ್ನೆರಡು ಹೆಂಗಸರನ್ನು ಮನೆಗೆ ಕರೆದು ಪುಸ್ತಕ ಓದಿಸುವವರು, ಮುಖದಾಕ್ಷಿಣ್ಯ ಇಲ್ಲದವರು. "ಸುಮಕ್ಕಾರ, ಖರೇ ಹೇಳತೇನ್ರಿ, ನಿಮ್ಮ ಪುಸ್ತಕ ತಗದೇನಿ, ಕಣ್ಣೀರು ಧಾರಾಕಾರ" ಎಂದರು. ನನಗೆ ನೆಲವೇ ಕಾಲಿಗೆ ಹತ್ತಲಿಲ್ಲ. ರಾಣೆಬೆನ್ನೂರಿನಿಂದಲೂ ಇಬ್ಬರು ಅತ್ತ ಸುದ್ದಿ ಬಂತು. ಒಬ್ಬರಂತೂ ಮೂಗು ಸುರಿಸುತ್ತಲೇ ಮಾತಾಡಿದರು. ಆದರೆ ಬ್ಯಾಡಗಿಯಲ್ಲಿ ಮೂವತ್ತು ಪ್ರತಿ ಹಂಚಿದ್ದರೂ ಒಬ್ಬರೂ ಅಳಲಿಲ್ಲ. ನಮ್ಮೂರಿನವರಿಗೆ ರಸಿಕತೆ ಕಡಿಮೆ, ವ್ಯಾಪಾರದಲ್ಲಿ ಎದೆ ಒಣಗಿಹೋಗಿದೆ ಎಂದು ತೀರ್ಮಾನಿಸಿದೆ. ಕಿರಾಣಿ ಅಂಗಡಿಯಲ್ಲಿ ಪಕ್ಕದ ಮನೆಯವರು ಮಾತಾಡಿಸಿದರೆ ಸ್ವಲ್ಪ ಕನಿಕರದಿಂದಲೇ ಉತ್ತರ ಕೊಡುತ್ತಿದ್ದೆ.

ಅನುಮಾನ ಹುಟ್ಟಿದ್ದು ಹಸೀನಾ ಟೀಚರ್ ಎರಡನೇ ಸಲ ಫೋನು ಮಾಡಿದಾಗ. ಶನಿವಾರದ ಗುಂಪಿನವರೆಲ್ಲ ಅತ್ತಿದ್ದಾರೆ, ಮುಂದಿನ ವಾರ ನಿಮಗೆ ಸನ್ಮಾನ ಮಾಡುತ್ತೇವೆ ಎಂದರು. ಯಾವ ಪ್ರಸಂಗದಲ್ಲಿ ಅಳು ಬಂತು ಎಂದು ನಾಚಿಕೊಂಡು ಕೇಳಿದೆ. "ನಂಗ ಅರ್ಪಣೆ ಪುಟಕ್ಕ ಬಂತ್ರಿ. ಗಿರಿಜಕ್ಕಗ ಅದಕ್ಕೂ ಮದಲ, ಬೆಲೆ ಬರದೀರಲ್ಲ, ಆ ಪುಟಕ್ಕ" ಎಂದರು. ಅರ್ಪಣೆಗೆ ಅತ್ತದ್ದನ್ನು ಒಪ್ಪಬಹುದು, ಅದು ನನ್ನ ಅವ್ವನಿಗೆ ಬರೆದದ್ದು. ಬೆಲೆ ನೋಡಿ ಅಳುವಷ್ಟು ದುಬಾರಿ ಪುಸ್ತಕವಂತೂ ಅದಾಗಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರ ಮುಂದೆ ಒಂದು ಪ್ರತಿ ಹಿಡಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರು ನನ್ನ ಪುಸ್ತಕ ತೆರೆದದ್ದು ಅದೇ ಮೊದಲು. ನಡುವೆ ಬಿಡಿಸಿ, ಅಂಗಡಿಯಲ್ಲಿ ಮಾದರಿ ಕಾಯಿ ಹಿಡಿದು ನೋಡುವ ಗತ್ತಿನಲ್ಲಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಎದುರು ಕೂತ ನಾನು, ಸುಳ್ಳು ಯಾಕೆ, ಒಂದು ಒಳ್ಳೆಯ ಮಾತಿಗೆ ಕಾಯುತ್ತಿದ್ದೆ.

"ಇದು ನಮ್ಮ ಕಾಯಿ ಅಲ್ಲ" ಎಂದರು.

"ಕಾಯಿ ಯಾಕ್ರಿ, ಅದು ಕಾದಂಬರಿ" ಎಂದೆ.

"ಅಲ್ಲ, ಘಾಟಿನ ಮಾತು ಹೇಳಾಕತ್ತೇನಿ. ನಮ್ಮ ಬ್ಯಾಡಗಿ ಕಾಯಿ ಬಣ್ಣ ಕೊಡತೈತಿ, ಹಿಂಗ ಮಂದೀನ ಅಳಸಂಗಿಲ್ಲ. ಇದು ಆಂಧ್ರದ ಮಾಲು. ನಿನ್ನ ಪುಸ್ತಕದ ಮ್ಯಾಲ ಎರಡ ತಿಂಗಳ ಅವರ ಚೀಲ ಒಟ್ಟಿದ್ವಿ" ಎಂದು ರೊಟ್ಟಿ ಮುರಿದರು.

ಊರಿನವರು ಯಾಕೆ ಅಳಲಿಲ್ಲ ಎಂಬುದು ಆಗ ಹೊಳೆಯಿತು. ಹುಟ್ಟಿದಾಗಿನಿಂದ ಘಾಟಿನಲ್ಲೇ ಉಸಿರಾಡುವ ಮೂಗುಗಳವು, ನನ್ನದೂ ಸೇರಿ. ಅವರ ಬಗ್ಗೆ ನಾನು ತೋರಿಸಿದ ಕನಿಕರ ನೆನೆದು ಮುಖ ಬಿಸಿಯಾಯಿತು. ಆದರೆ ನಿಜವಾದ ಸಂಕಟ ಅದಲ್ಲ. ಸನ್ಮಾನಕ್ಕೆ ಹೋಗುವುದೋ ಬಿಡುವುದೋ? ಹೋದರೆ ಸುಮ್ಮನೆ ಹಾರ ಹಾಕಿಸಿಕೊಂಡು ಬರುವುದೋ, ಇದ್ದದ್ದನ್ನು ಇದ್ದ ಹಾಗೆ ಹೇಳುವುದೋ? ಹೇಳಿದರೆ, ಇಷ್ಟು ವರ್ಷ ಕಾದು ಪಡೆದ ಕಣ್ಣೀರನ್ನು ನಾನೇ ಕೈಯಾರೆ ಒರೆಸಿದ ಹಾಗೆ. ಯಜಮಾನರನ್ನು ಕೇಳಿದೆ. "ಮಾಲು ಬ್ಯಾರೆ ಅಂತ ಗೊತ್ತಾದ ಮ್ಯಾಲ ನಮ್ಮ ಹೆಸರಿಗೆ ಮಾರೂದು ಧರ್ಮ ಅಲ್ಲ" ಎಂದರು. ಅವರು ಈ ಮಾತನ್ನು ನನಗೆ ಹೇಳಿದರೋ, ಅಂಗಡಿಯ ಅಭ್ಯಾಸಬಲದಿಂದ ಹೇಳಿದರೋ ಕೇಳಲಿಲ್ಲ. ಸನ್ಮಾನದ ದಿನ ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಸುಮ್ಮನಿರೋಣ ಎಂದಿದ್ದೆ. ಹಾವೇರಿ ನಿಲ್ದಾಣದಲ್ಲಿ ಇಳಿಯುವಾಗ ಹೇಳೇಬಿಡೋಣ ಅನ್ನಿಸಿತ್ತು. ಟೀಚರ್ ಮನೆಯ ಮೆಟ್ಟಿಲು ಹತ್ತುವಾಗ ಮತ್ತೆ ಮನಸ್ಸು ಬದಲಾಯಿತು.

ಅವರು ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿದರು. ಹಾವೇರಿಯ ಏಲಕ್ಕಿ ಹಾರವನ್ನು ದೊಡ್ಡ ದೊಡ್ಡವರಿಗೆ ಹಾಕುತ್ತಾರೆ. ಅದು ಕೊರಳಿಗೆ ಬಿದ್ದ ಕೂಡಲೇ ಘಮ್ಮೆಂದಿತು. ಇಂಥ ಹಾರಕ್ಕೆ ನಾನು ಅರ್ಹಳಲ್ಲ ಎಂದು ಆ ಕ್ಷಣ ನಿಜಕ್ಕೂ ಅನ್ನಿಸಿತು. ಎದ್ದು ನಿಂತು ಗೋದಾಮು, ಚೀಲ, ಘಾಟು ಎಲ್ಲ ಹೇಳಿಬಿಟ್ಟೆ.

ಗಿರಿಜಕ್ಕ, ಬೆಲೆಯ ಪುಟದಲ್ಲೇ ಅತ್ತವರು, ಕುಂತಲ್ಲಿಂದಲೇ ಮಾತಾಡಿದರು. "ನಂಗ ಎರಡನೇ ದಿನಾನ ಗೊತ್ತಾತ್ರಿ. ಖಾರ ಕುಟ್ಟಿದ ಕೈ ಇವು, ತಿಳೀಲಾರದ ಏನು? ಆದ್ರ ನಮ್ಮ ಮನ್ಯಾಗ ಸುಮ್ನ ಕುಂತು ಅತ್ರ, ಯಾಕ, ಏನಾತು, ಯಾರೇನಂದ್ರು ಅಂತ ಹತ್ತು ಮಂದಿ ಕೇಳತಾರ. ಕೈಯಾಗ ಪುಸ್ತಕ ಇದ್ರ ಯಾರೂ ಕೇಳಂಗಿಲ್ಲ. ನಾಲ್ಕ ದಿನ ಹೊಟ್ಟಿ ತುಂಬ ಅತ್ತೇನ್ರಿ. ಹಗುರಾತು."

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಯಾವ ಪ್ರಶಸ್ತಿಯೂ ಕೊಡದ ಸಮಾಧಾನ ಅದು. ಅಲ್ಲಿಗೆ ನಾನು ಕೂತುಬಿಡಬೇಕಿತ್ತು. ಆದರೆ ಲೇಖಕಿಯ ಜಾತಿ ಅಲ್ಲಿಗೆ ಸುಮ್ಮನಾಗುವಂಥದ್ದಲ್ಲ. ಅಳುವಿನ ಮಾತು ಇರಲಿ, ಕಥೆ ಹೇಗಿತ್ತು, ಕ್ಯಾಪ್ಟನ್ ಹಡಗು ಹತ್ತುವ ಪ್ರಸಂಗ ಹೇಗನ್ನಿಸಿತು ಎಂದು ಕೇಳಿದೆ. ಒಬ್ಬರು ಮಂಡಕ್ಕಿ ಗಿರ್ಮಿಟ್ಟಿನ ತಟ್ಟೆಗಳನ್ನು ತರಲು ಒಳಗೆ ಎದ್ದು ಹೋದರು. ಕೊನೆಗೆ ಹಸೀನಾ ಟೀಚರ್ ನನ್ನ ಕೈ ಹಿಡಿದುಕೊಂಡು, "ಸುಮಕ್ಕಾರ, ಸಿಟ್ಟಾಗಬ್ಯಾಡ್ರಿ. ಕಥಿ ಓದಬೇಕಂದ್ರ ಕಣ್ಣು ಬಿಡಬೇಕಲ್ರಿ. ಎಂಟನೇ ಪುಟ ದಾಟಾಕ ನಮ್ಮಾಗ ಯಾರಿಗೂ ಆಗಿಲ್ಲ" ಎಂದರು.

ಕ್ಯಾಪ್ಟನ್ ಕಥೆಯೊಳಗೆ ಕಾಲಿಡುವುದು ಹನ್ನೊಂದನೇ ಪುಟದಲ್ಲಿ. ಹೀಗಾಗಿ ಸದ್ಯಕ್ಕೆ ಆ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ ಎಂದವರು, ಘಾಟು ತಾಗದ ನಮ್ಮೂರಿನಲ್ಲೂ, ಒಬ್ಬರೂ ಇಲ್ಲ. ಒಬ್ಬರಾದರೂ ಓದಿರಲಿ ಎಂದು, ಹಾವೇರಿಯಿಂದ ಬಂದ ಮೇಲೆ ನಾನೇ ಒಂದು ಪ್ರತಿ ಹಿಡಿದು ಓದುಗರಂತೆ ಕೂತೆ. ಘಾಟು ನನ್ನನ್ನು ಏನೂ ಮಾಡದು, ಆದ್ದರಿಂದ ಇದು ಶುದ್ಧ ಪರೀಕ್ಷೆ. ಹಡಗು ಹತ್ತುವ ಪ್ರಸಂಗ ಬಂತು, ಹೋಯಿತು. ಕರವಸ್ತ್ರ ಮಡಿಲಲ್ಲಿ ಮಡಚಿದ್ದು ಮಡಚಿದಂತೆಯೇ ಇತ್ತು. ಪುಸ್ತಕ ಮುಚ್ಚಿಟ್ಟು ಎದ್ದೆ. ಬಾಯಿಂದ ತಾನಾಗಿ ಬಂದದ್ದು ತಂಗಿಯ ಮಾತು: ವ್ಯಾಳೆ ಹೋತು.