ಸಾಣೆಯವನ ಫೋಟೊ

ಕೈತುಂಬ ಚಾಕು ಹಿಡಿದು ಒಂದು ಮನೆಯ ಬಾಗಿಲು ತಟ್ಟಿದ್ದೇ ಸಾಣೆ ಹಿಡಿಯುವ ಮುದುಕನ ತಪ್ಪಾಯಿತು. ಯಾರೋ ಕಿಟಕಿಯಿಂದ ಫೋಟೊ ಹೊಡೆದು, ‘ಕೊಲೆಗಾರ ಬಂದಿದ್ದಾನೆ, ಎಲ್ಲರಿಗೂ ಕಳಿಸಿ’ ಎಂದು ಫೋನಿನಲ್ಲಿ ಹರಿಯಬಿಟ್ಟರು. ತಿಂಡಿಯ ಹೊತ್ತಿಗೆಲ್ಲ ಜನ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂದರು. ಮುದುಕ ಸೈಕಲ್ ಸಮೇತ ಪೊಲೀಸ್ ಠಾಣೆಗೆ ನುಗ್ಗಿದ.

“ಆ ಪೋಸ್ಟ್ ಸಂಜೆಯೊಳಗೆ ಮಾಯ ಆಗ್ಬೇಕು. ಆ ಆ್ಯಪ್ ಕಂಪನಿಯವರ ಹತ್ರ ನೀನೇ ಮಾತಾಡಯ್ಯ,” ಎಂದು ಇನ್‌ಸ್ಪೆಕ್ಟರು ಪೇದೆಯೊಬ್ಬನಿಗೆ ಹೇಳಿದರು. ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದಿದ್ದಕ್ಕೆ ಈ ಪೇದೆಗೆ ‘ಕಂಪ್ಯೂಟರಪ್ಪ’ ಎಂಬ ಹೆಸರು ಅಂಟಿಕೊಂಡಿತ್ತು.

ಕಂಪ್ಯೂಟರಪ್ಪ ಮೇಲ್ ಕಳಿಸಿದ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಯಂತ್ರ ಉತ್ತರಿಸಿತು. ಮತ್ತೆ ಕಳಿಸಿದ. ಮತ್ತೆ ಅಮೂಲ್ಯವಾಯಿತು. ಠಾಣೆಯವರೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅವನ ಕುರ್ಚಿಯ ಸುತ್ತ ಸೇರಿದರು.

“ಸ್ವಲ್ಪ ಗದರಿಸಿ ಬರಿಯಯ್ಯ,” ಎಂದರು ಹೆಡ್ ಕಾನ್‌ಸ್ಟೇಬಲ್.

“ಯಾರನ್ನ ಗದರ್ಸೋದು ಸಾರ್? ಆ ಕಡೆ ಮನುಷ್ಯರೇ ಇಲ್ಲ!”

ಮಧ್ಯಾಹ್ನ ಕೊನೆಗೂ ಕಂಪನಿಯ ಹೆಣ್ಣುಮಗಳೊಬ್ಬಳು ಫೋನ್ ಎತ್ತಿದಳು. “ಪೊಲೀಸಾ? ಹಾಗಂತ ಹೇಳ್ಕೊಂಡು ದಿನಾ ಯಾರಾದ್ರೂ ಫೋನ್ ಮಾಡ್ತಾರೆ. ನಿನ್ನೆ ಒಬ್ರು ಭಾವಮೈದುನನ ಹಾಡು ತೆಗೀರಿ ಅಂತಿದ್ರು.”

ಕಂಪ್ಯೂಟರಪ್ಪ ಬೇರೆ ದಾರಿ ಕಾಣದೆ ಫೋನನ್ನು ಮುದುಕನ ಕೈಗಿಟ್ಟ.

“ತಾಯೀ, ಆ ಫೋಟೊದಲ್ಲಿರೋದು ನಾನೇ. ಆಯಸ್ಸೆಲ್ಲ ಚಾಕು ಹಿಡ್ದಿದೀನಿ, ಒಂದು ಬದನೆಕಾಯಿನೂ ಕೊಯ್ದಿಲ್ಲ. ಈಗ ಹೊರಗೆ ಕಾಲಿಡೋಕೇ ಭಯ ಆಗ್ತಿದೆ.”

ಆ ಕಡೆಯವಳು ಮೆಲ್ಲಗೆ, “ಲೈನಲ್ಲೇ ಇರಿ ತಾತ,” ಎಂದಳು. ನೋಡನೋಡುತ್ತಿದ್ದಂತೆ ಪೋಸ್ಟ್ ಹೋಯಿತು, ಜನ ಹಂಚಿಕೊಂಡಿದ್ದ ಅದರ ಮರಿಗಳೂ ಹೋದವು.

ಠಾಣೆಯಲ್ಲಿ ಚಪ್ಪಾಳೆ! ಇನ್‌ಸ್ಪೆಕ್ಟರು ಹಿಗ್ಗಿನಿಂದ ಮುದುಕನನ್ನು ನಡುವೆ ನಿಲ್ಲಿಸಿ, ಎರಡೂ ಕಡೆ ಪೊಲೀಸರು ಗತ್ತಿನಿಂದ ನಿಂತ ಫೋಟೊ ಹೊಡೆಸಿ, ‘ಸತ್ಯಕ್ಕೆ ಜಯ’ ಎಂದು ಠಾಣೆಯ ಖಾತೆಯಲ್ಲಿ ಹಾಕಿದರು.

ಅಭಿನಂದನೆಗಳು ಧೋ ಎಂದು ಸುರಿದವು: ‘ಕೊಲೆಗಾರ ಸಿಕ್ಕಿಬಿದ್ದ! ಪೊಲೀಸರಿಗೆ ಸಲಾಂ!’

ಇನ್‌ಸ್ಪೆಕ್ಟರು ಬೆವರೊರೆಸಿಕೊಂಡು ಅಳಿಸುವಷ್ಟರಲ್ಲಿ ಊರೆಲ್ಲ ಹಂಚಿಕೊಂಡಾಗಿತ್ತು. ಕಂಪ್ಯೂಟರಪ್ಪ ಮತ್ತೆ ಆ ಹೆಣ್ಣುಮಗಳಿಗೆ ಫೋನ್ ಮಾಡಿದ.

“ಈ ಸಲ ಸುದ್ದಿ ಹೊರಟಿರೋದೇ ಪೊಲೀಸ್ ಠಾಣೆಯಿಂದ ಸಾರ್,” ಎಂದಳು ಅವಳು. “ಸುಳ್ಳು ಅಂತ ನಾನು ಹೇಗೆ ತೆಗೀಲಿ? ಮೇಲಿನವರನ್ನ ಕೇಳ್ಬೇಕು. ವಾರ ಆದ್ರೂ ಆಗುತ್ತೆ.”

ಅಲ್ಲಿಯತನಕ ಮುದುಕನ ಹೊಟ್ಟೆಪಾಡು? ಇನ್‌ಸ್ಪೆಕ್ಟರು ಕಂಪ್ಯೂಟರಪ್ಪನ ಕಡೆ ನೋಡಿದರು. “ನೀನೇ ಜೊತೆಗೆ ಹೋಗಯ್ಯ. ಇವರು ಒಳ್ಳೆಯವರು ಅಂತ ಮನೆಮನೆಗೂ ಗೊತ್ತಾಗ್ಲಿ.”

ಬಿಸಿಲು ಇಳಿಯುವ ಹೊತ್ತಿಗೆ ಕಂಪ್ಯೂಟರಪ್ಪ ಯೂನಿಫಾರಮ್ಮಿನಲ್ಲೇ ಸೈಕಲ್ ತಳ್ಳುತ್ತ, “ಚಾಕು, ಕತ್ತರಿ, ಸಾಣೇ!” ಎಂದು ಕೂಗುತ್ತಿದ್ದ. ಬಾಗಿಲುಗಳು ಕೊಂಚ ತೆರೆದು ಮುಚ್ಚಿಕೊಂಡವು. ಕೊನೆಗೊಬ್ಬ ಅಜ್ಜಿ ಮೊಂಡು ಕತ್ತರಿ ಹಿಡಿದು ಮೆಟ್ಟಿಲಿಳಿದಳು.

“ಏನಪ್ಪಾ, ಸಂಬಳ ಸಾಲ್ತಿಲ್ವಾ?”

ಚಕ್ರ ತಿರುಗಿ ಕಿಡಿ ಹಾರಿತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಚಾಕು ತಂದು ನಿಂತರು. ಬೆಳಗ್ಗೆ ಅಟ್ಟಿಸಿಕೊಂಡು ಬಂದಿದ್ದ ಒಬ್ಬ, ತಲೆ ತಗ್ಗಿಸಿಕೊಂಡು ಮುದುಕನಿಗೆ ಕುರ್ಚಿ ತಂದಿಟ್ಟ.

ಮುದುಕ ಆರಾಮವಾಗಿ ಕೂತು ಹೇಳಿದ: “ಸಾರ್, ಇನ್ನೊಂಚೂರು ಜೋರಾಗಿ ಕೂಗಿ, ಹಿಂದಿನ ಬೀದಿಗೂ ಕೇಳಿಸ್ಲಿ. ನಿಮ್ಮ ಗಂಟಲಿಗೆ ವ್ಯಾಪಾರ ಕುದುರಿದೆ. ನಾಳೆ ಬೇಗ ಬಂದ್ಬಿಡಿ.”