ಮುಂದಿನ ವರ್ಷದ ಡಾಕ್ಟರು

ಪರದೇಶದಲ್ಲಿದ್ದಷ್ಟು ಕಾಲವೂ ನಮ್ಮ ಡಾಕ್ಟರು ಮತ್ತು ಅವರ ಹೆಂಡತಿ ಊಟ ಮಾಡಿದ್ದು ಫ್ರಿಜ್ಜಿನ ಮೇಲೆ. ಫ್ರಿಜ್ಜೆಂದರೆ ಫ್ರಿಜ್ಜಲ್ಲ, ಅದನ್ನು ತುಂಬಿಕೊಂಡು ಬಂದಿದ್ದ ರಟ್ಟಿನ ಪೆಟ್ಟಿಗೆ. ಅದನ್ನು ಅಡ್ಡ ಮಲಗಿಸಿ, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿ, ಆಚೆಗೊಂದು ಈಚೆಗೊಂದು ಕುರ್ಚಿ ಹಾಕಿದರೆ ಅದೇ ಊಟದ ಮೇಜು. ಬಿಸಿ ಪಾತ್ರೆಗಳನ್ನು ಇಟ್ಟು ಇಟ್ಟು ನಡುವೆ ತಗ್ಗು ಬಿದ್ದಿತ್ತು. ಆ ತಗ್ಗಿಗೆ ದಂಪತಿಗಳು ಎಷ್ಟು ಒಗ್ಗಿಹೋಗಿದ್ದರೆಂದರೆ, ಉಪ್ಪಿನ ಡಬ್ಬಿ ಬೇಕಾದವರು ಕೈ ಚಾಚುತ್ತಿರಲಿಲ್ಲ. ಸ್ವಲ್ಪ ಕಾದರೆ ಅದೇ ಜಾರಿಕೊಂಡು ನಡುವಿಗೆ ಬರುತ್ತಿತ್ತು.

ಇದೇನು ಬಡತನವಲ್ಲ. ಡಾಕ್ಟರು ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ಅಂದರೆ, ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ಸೂಜಿ ಚುಚ್ಚಿ ಮಲಗಿಸುವವರು. ಹೆಂಡತಿ ಸೇತುವೆಗಳ ಎಂಜಿನಿಯರು. ಯಾವ ಸೇತುವೆ ಎಷ್ಟು ಲಾರಿಯ ಭಾರ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನೋಡಿ ಹೇಳುವ ಕೆಲಸ. ಇಡೀ ದಿನ ಉಕ್ಕು, ಕಾಂಕ್ರೀಟುಗಳ ಜೊತೆ ಗುದ್ದಾಡಿ ಬರುವ ಆಕೆ, ಮನೆಯಲ್ಲಿ ಒಂದು ಪಾತ್ರೆ ಕೆಳಗಿಡಬೇಕಾದರೆ ಉಸಿರು ಬಿಗಿ ಹಿಡಿಯಬೇಕಿತ್ತು.

ಇಷ್ಟಕ್ಕೆಲ್ಲ ಕಾರಣ ಡಾಕ್ಟರ ಒಂದೇ ಮಾತು.

"ರೀ, ಒಂದು ಒಳ್ಳೆ ಮೇಜು ತಗೊಳ್ಳೋಣ" ಎಂದು ಆಕೆ ಬಾಯಿ ತೆರೆದರೆ ಸಾಕು, ಡಾಕ್ಟರು ಪ್ರೀತಿಯಿಂದ, "ಸುಮ್ನೆ ಯಾಕೇ? ಹೇಗೂ ಮುಂದಿನ ವರ್ಷ ಊರಿಗೆ ವಾಪಸ್ ಹೋಗ್ತೀವಲ್ಲ" ಎನ್ನುತ್ತಿದ್ದರು.

ಪರದೆ ಬೇಕೆಂದರೂ ಅದೇ, ಕಪಾಟು ಬೇಕೆಂದರೂ ಅದೇ. ಆಸ್ಪತ್ರೆಯಲ್ಲಿ ರೋಗಿಗೆ ಸೂಜಿ, ಮನೆಯಲ್ಲಿ ಹೆಂಡತಿಗೆ 'ಮುಂದಿನ ವರ್ಷ'. ಎರಡರ ಪ್ರಮಾಣವೂ ಡಾಕ್ಟರಿಗೆ ಕರಗತವಾಗಿತ್ತು. ಹಾಗಂತ ಅವರು ಸುಳ್ಳುಗಾರರಲ್ಲ. ಹೊರಗಡೆ ಹಿಮವೋ ಮಳೆಯೋ ಹೊಡೆಯುತ್ತಿರುವಾಗ ಕಿಟಕಿಯ ಪಕ್ಕ ನಿಂತು, "ನನ್ನ ವಿದ್ಯೆ ನನ್ನ ಜನಕ್ಕೆ ಸಲ್ಲಬೇಕು" ಎಂದು ಅವರು ಹೇಳಿದಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿರುತ್ತಿತ್ತು. ಹೋಗಬೇಕೆಂಬ ಆಸೆ ಅಷ್ಟು ಅಪ್ಪಟವಾಗಿತ್ತು. ಹೋಗುವುದೊಂದೇ ಬಾಕಿ.

ಎರಡು ಸಲ ಬೀಳ್ಕೊಡುಗೆಯೂ ಆಗಿಹೋಗಿತ್ತು. ಮೊದಲನೆಯ ಸಲ ಆಸ್ಪತ್ರೆಯವರು ಭಾಷಣ ಮಾಡಿ, ಗೋಡೆ ಗಡಿಯಾರ ಕೊಟ್ಟು, ಅಪ್ಪಿಕೊಂಡು ಕಳಿಸಿದ್ದರು. ಮುಂದಿನ ಸೋಮವಾರ ನೋಡಿದರೆ ಡಾಕ್ಟರು ಕ್ಯಾಂಟೀನಿನಲ್ಲಿ ಚಹಾ ಕಲಕುತ್ತ ಕೂತಿದ್ದಾರೆ! (ಇನ್ನೊಂದು ಪರೀಕ್ಷೆ ಮುಗಿಸಿಕೊಂಡೇ ಹೋಗುವುದು ವಾಸಿ ಅನ್ನಿಸಿತಂತೆ.) ಬೀಳ್ಕೊಡುಗೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದ ಹಿರಿಯ ನರ್ಸಮ್ಮ ಆ ವಾರವಿಡೀ ಅವರ ಜೊತೆ ಮಾತು ಬಿಟ್ಟರು. ಎರಡನೆಯ ಸಲ ಬಡ್ತಿಯ ಆಸೆ ಅಡ್ಡ ಬಂತು. ಎರಡನೆಯ ಗಡಿಯಾರ ಮಾತ್ರ ಮನೆ ಸೇರಿತು. ಒಂದರಲ್ಲಿ ಅಲ್ಲಿನ ವೇಳೆ, ಇನ್ನೊಂದರಲ್ಲಿ ಊರಿನ ವೇಳೆ ಇಟ್ಟು ಡಾಕ್ಟರು ಎರಡನ್ನೂ ನೆಲದ ಮೇಲೆ ಗೋಡೆಗೆ ಒರಗಿಸಿದ್ದರು. ಮೊಳೆ ಹೊಡೆಯುವುದು ಯಾಕೆ, ಹೇಗೂ ಮುಂದಿನ ವರ್ಷ ಕೀಳಬೇಕಲ್ಲ.

ಹೀಗೇ ನಡೆಯುತ್ತಿತ್ತು. ಒಂದು ಭಾನುವಾರ ಡಾಕ್ಟರು ತಮ್ಮ ವಿಭಾಗದ ಮುಖ್ಯಸ್ಥರನ್ನು ಊಟಕ್ಕೆ ಕರೆದರು. ದಪ್ಪನೆಯ ಮನುಷ್ಯ, ಒಳ್ಳೆಯ ಮನಸ್ಸು. ಅವರು ಯಾವುದೋ ತಮಾಷೆಯ ಕೊನೆಗೆ ಬಂದು, ನಗುತ್ತ, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿದರು. ಪೆಟ್ಟಿಗೆ 'ಉಸ್' ಎಂದು ಕೊನೆಯುಸಿರೆಳೆದು ಕುಸಿಯಿತು. ಸೂಪಿನ ಪಾತ್ರೆ ನೇರವಾಗಿ ಮುಖ್ಯಸ್ಥರ ತೊಡೆಯ ಮೇಲೆ ಹೋಗಿ ಕೂತಿತು.

ಅತಿಥಿಗಳು ಡಾಕ್ಟರ ಪೈಜಾಮ ಹಾಕಿಕೊಂಡು ಮನೆಗೆ ಹೋದ ಮೇಲೆ ಹೆಂಡತಿ ಮಂಡಿಯೂರಿ ನೆಲ ಒರೆಸಿದಳು. ಅರಿವಳಿಕೆ ತಜ್ಞರಾದವರು ಆಗಲಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ಇಂಥ ಹೊತ್ತಿನಲ್ಲಿ ಹಳೆಯ ಪ್ರಮಾಣ ಸಾಲುವುದಿಲ್ಲ. ಡಾಕ್ಟರು ಎಂದಿನ ಡೋಸನ್ನೇ ಕೊಟ್ಟರು.

"ಹೋಗ್ಲಿ ಬಿಡೇ. ಹೇಗೂ ಮುಂದಿನ ವರ್ಷ ಹೋಗ್ತೀವಲ್ಲ."

ಆಕೆ ಒರೆಸುವ ಬಟ್ಟೆ ಹಿಂಡಿ, "ಹೋಗ್ತೀವಾ?" ಎಂದಳು.

"ಹೋಗ್ದೆ ಮತ್ತೆ?"

"ಸರಿ" ಎಂದಳು ಆಕೆ.

ಆ 'ಸರಿ'ಯ ಆಳ ಡಾಕ್ಟರಿಗೆ ತಿಳಿದದ್ದು ಕೆಲವು ವಾರಗಳ ಮೇಲೆ. ಆಕೆ ತಾಯ್ನಾಡಿನ ಸೇತುವೆ ಇಲಾಖೆಯವರೊಂದಿಗೆ ಮಾತಾಡಿ, ಊರಿನಲ್ಲೇ ಕೆಲಸ ಗಿಟ್ಟಿಸಿ, ಸೇರುವ ದಿನವನ್ನೂ ಗೊತ್ತು ಮಾಡಿಕೊಂಡು ಬಂದಿದ್ದಳು. ಸಾಲದ್ದಕ್ಕೆ ಇವರಿಗೂ ಅದೇ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ವಿಚಾರಿಸಿಯಾಗಿತ್ತು.

"ಇಷ್ಟು ಬೇಗನಾ?" ಎಂದರು ಡಾಕ್ಟರು. "ಯೋಚನೆ ಮಾಡಬೇಕಲ್ಲವೇನೇ?"

"ಮದುವೆಯಾದಾಗಿಂದ ಯೋಚನೆ ಮಾಡ್ತಾನೇ ಇದ್ದೀರಲ್ಲ. ನಿಮ್ಮ ವಿದ್ಯೆ ನಿಮ್ಮ ಜನಕ್ಕೆ ಸಲ್ಲೋದು ಬೇಡ್ವಾ?"

ತಮ್ಮ ಮಾತು ತಮ್ಮ ಕೊರಳಿಗೇ ಸುತ್ತಿಕೊಂಡಿತ್ತು. ಡಾಕ್ಟರು ರಾಜೀನಾಮೆ ಕೊಟ್ಟರು. ಆಸ್ಪತ್ರೆಯಲ್ಲಿ ಯಾರೂ ನಂಬಲಿಲ್ಲ. ವಿಮಾನದ ಟಿಕೆಟ್ಟನ್ನು ಕಣ್ಣಾರೆ ನೋಡಿದ ಮೇಲೆಯೇ ಬೀಳ್ಕೊಡುಗೆ ಎಂದು ನರ್ಸಮ್ಮ ಹಟ ಹಿಡಿದರು. ನೋಡಿದ ಮೇಲೂ ಭಾಷಣ ಚಿಕ್ಕದಾಗಿತ್ತು, ಕಣ್ಣೀರು ಒಂದು ಹನಿಯೂ ಇರಲಿಲ್ಲ. ಗಡಿಯಾರ ಮಾತ್ರ ಅದೇ ಅಂಗಡಿಯದು. ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದರೆ ಅವರೂ, "ವಿಮಾನ ಇಳಿದ ಮೇಲೆ ಫೋನ್ ಮಾಡಪ್ಪ, ಆಮೇಲೆ ಹಾಸಿಗೆ ಬಿಸಿಲಿಗೆ ಹಾಕ್ತೀನಿ" ಎಂದುಬಿಟ್ಟರು. ಅವರು ಹಿಂದೆ ಎರಡು ಸಲ ಹಾಕಿದ್ದರು, ಪಾಪ.

ಅಂತೂ ಈ ಮಹಾಪ್ರಸ್ಥಾನ ಮುಗಿದು, ಡಾಕ್ಟರ ಸಂಸಾರ ಅಕ್ಕನ ಮನೆಯ ಮಹಡಿಗೆ ಬಂದು ಇಳಿಯಿತು. ಮಹಡಿ ಹೇಗೂ ತಮ್ಮನ ಪಾಲಿನದೇ.

ಹೊಸ ಆಸ್ಪತ್ರೆಯಲ್ಲಿ ಹಾರ ತುರಾಯಿ ಇರುತ್ತದೆಂದು ಡಾಕ್ಟರು ಎಣಿಸಿದ್ದರು. ಅಲ್ಲಿನ ಮುಖ್ಯಸ್ಥೆಗೆ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಬೆಳ್ಳಿ ಕೂದಲಿನ, ಕಡಿಮೆ ಮಾತಿನ ಹಿರಿಯ ಡಾಕ್ಟರಮ್ಮ. ಆಕೆ ಒಂದು ಕೋಣೆ ತೋರಿಸಿದರು. ಬಾಗಿಲ ಮೇಲೆ ಡಾಕ್ಟರ ಹೆಸರು ಸೀಮೆಸುಣ್ಣದಲ್ಲಿ ಬರೆದಿತ್ತು. ಒಳಗೆ ಒಂದು ಕುರ್ಚಿ. ಅದರ ಮುಂದೆ, ಹತ್ತಿಯ ಉಂಡೆಗಳು ಬಂದಿದ್ದ ರಟ್ಟಿನ ಪೆಟ್ಟಿಗೆ, ಅಡ್ಡ ಮಲಗಿತ್ತು.

"ಮೇಜು?" ಎಂದರು ಡಾಕ್ಟರು.

"ಮುಂದಿನ ವರ್ಷ ನೋಡೋಣ" ಎಂದರು ದೊಡ್ಡಮ್ಮ. "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ನಿಮ್ಮ ಹಾಗೆ ಹೊರಗಿನಿಂದ ವಾಪಸ್ ಬಂದವರು ಬಹಳ ಜನ ಆಗಿಹೋದ್ರು. ಒಬ್ಬರಿಗೆ ಹಿತ್ತಾಳೆಯಲ್ಲಿ ನಾಮಫಲಕ ಮಾಡಿಸಿದ್ವಿ. ಅದು ಬರೋಷ್ಟರಲ್ಲಿ ಅವರೇ ಇರ್ಲಿಲ್ಲ. ಸೀಮೆಸುಣ್ಣ ಆದ್ರೆ ಒರೆಸಬಹುದು."

ಡಾಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ದಿನಾ ಸಾಯಂಕಾಲ ಯಾರ ಭುಜವೋ ತಾಗಿ ಹೆಸರಿನ ಅರ್ಧ ಅಳಿಸಿರುತ್ತಿತ್ತು. ಬೆಳಿಗ್ಗೆ ತಾವೇ ತಿದ್ದಬೇಕು. ಒಂದು ದಿನ ಮನೆಗೆ ಬಂದವರೇ ಬೂಟು ಬಿಚ್ಚುತ್ತ ಘೋಷಿಸಿದರು:

"ಇಲ್ಲಿ ವಿದ್ಯೆಗೆ ಬೆಲೆ ಇಲ್ಲ ಕಣೇ. ಮುಂದಿನ ವರ್ಷ ವಾಪಸ್ ಹೋಗಿಬಿಡೋಣ."

ಹೇಳಿದ ಮೇಲೆ ಅವರಿಗೇ ಎಷ್ಟೋ ಹಾಯೆನಿಸಿತು. ಬಹಳ ದಿನಗಳಿಂದ ಕಳೆದುಹೋಗಿದ್ದ ಕನ್ನಡಕ ಸಿಕ್ಕಿದ ಹಾಗೆ.

ಆಕೆ, "ಸರಿ" ಎಂದಳು.

ಮಾರನೆಯ ದಿನದಿಂದ ಮಹಡಿಯಲ್ಲಿ ಬಡಗಿಯ ಸದ್ದು. ಡಾಕ್ಟರು ಅದು ಅಕ್ಕನ ಮನೆಯ ಯಾವುದೋ ರಿಪೇರಿ ಇರಬೇಕೆಂದುಕೊಂಡರು. ವಾರ ಕಳೆದು ಊಟದ ಕೋಣೆಯ ಬಾಗಿಲು ತೆರೆದಾಗ ಒಳಗಿದ್ದುದು ಮೇಜು. ಮೇಜೆಂದರೆ ಸಾಮಾನ್ಯದ್ದಲ್ಲ. ಆನೆಯ ಕಾಲಿನಂಥ ಕಾಲುಗಳು, ಗಟ್ಟಿ ಮರದ ಹಲಗೆ, ಮೇಲೆ ಹತ್ತಿ ಕುಣಿದರೂ ಅಲುಗದು. ಕೋಣೆಯೊಳಗೇ ಮರ ತಂದು, ಕೋಣೆಯೊಳಗೇ ಜೋಡಿಸಿ, ಕೀಲುಗಳನ್ನು ಬಿಚ್ಚಲಾಗದ ಹಾಗೆ ಕೂಡಿಸಲಾಗಿತ್ತು.

ಡಾಕ್ಟರು ಮೇಜಿನ ಅಗಲ ನೋಡಿದರು. ಬಾಗಿಲಿನ ಅಗಲ ನೋಡಿದರು. ಮತ್ತೆ ಮೇಜು ನೋಡಿದರು.

"ಏನೇ, ಇದು ಬಾಗಿಲಲ್ಲಿ ಹೋಗಲ್ಲ?"

"ಹೋಗಲ್ಲ" ಎಂದಳು ಸೇತುವೆ ಎಂಜಿನಿಯರು. "ಅಳತೆ ತಗೊಂಡೇ ಮಾಡಿಸಿದ್ದು. ಕಿಟಕಿಯಲ್ಲೂ ಹೋಗಲ್ಲ."

"ಮತ್ತೆ ಮುಂದಿನ ವರ್ಷ ನಾವು ಹೋಗ್ಬೇಕಾದ್ರೆ?"

"ನೀವು ಹೋಗಿ ಬನ್ನಿ. ನಾನಿನ್ನು ಈ ಮೇಜು ಬಿಟ್ಟು ಏಳೋಳಲ್ಲ."

ಹಿಂದೆ ನಿಂತಿದ್ದ ಅಕ್ಕ, "ನಾನೇ ಮರ ಆರಿಸಿಕೊಟ್ಟೆ ಕಣೋ" ಎಂದರು ಸಂತೋಷವಾಗಿ.

ಡಾಕ್ಟರು ಮೆಲ್ಲಗೆ ಹೊರಗೆ ಬಂದು ಹಳೆಯ ಆಸ್ಪತ್ರೆಗೆ ಫೋನು ಹಚ್ಚಿದರು. ಸುಮ್ಮನೆ ಕ್ಷೇಮ ಸಮಾಚಾರಕ್ಕೆಂದು. ಆ ಕಡೆ ಮುಖ್ಯಸ್ಥರು ಅವರ ದನಿ ಕೇಳಿ ಮೊದಲು ಹೇಳಿದ ಮಾತು, "ನಿಮ್ಮ ಪೈಜಾಮ ಇನ್ನೂ ನನ್ನ ಹತ್ತಿರಾನೇ ಇದೆ, ಟಪಾಲಿನಲ್ಲಿ ಕಳಿಸ್ತೀನಿ. ನೀವು ಅದಕ್ಕೋಸ್ಕರ ಬರೋದು ಮಾತ್ರ ಬೇಡ. ನಮ್ಮಲ್ಲಿ ಗಡಿಯಾರ ಮುಗಿದಿದೆ."

ಫೋನು ಇಟ್ಟ ಮೇಲೆ ಡಾಕ್ಟರು ಒಳಗೆ ಬಂದು ಹೊಸ ಮೇಜಿನ ಮುಂದೆ ಕೂತು, ಅಂಜುತ್ತ ಅಂಜುತ್ತ ಎರಡೂ ಮೊಣಕೈ ಊರಿದರು. ಮೇಜು ಜಪ್ಪಯ್ಯ ಅನ್ನಲಿಲ್ಲ. ಅದೆಷ್ಟೋ ವರ್ಷಗಳ ಮೇಲೆ ಊರು ತಲುಪಿದೆ ಅನ್ನಿಸಿ ಅವರ ಕಣ್ಣು ಒದ್ದೆಯಾಯಿತು. ಜೊತೆಗೇ ತಲೆಯಲ್ಲೊಂದು ಉಪಾಯವೂ ಹೊಳೆಯಿತು.

ಮರುದಿನ ದೊಡ್ಡಮ್ಮನನ್ನು ಊಟಕ್ಕೆ ಕರೆತಂದರು. ಊಟಕ್ಕಿಂತ ಮುಂಚೆ ಮೇಜಿನ ದರ್ಶನ. ಡಾಕ್ಟರು ಹಲಗೆಯ ಮೇಲೆ ಕೈಯಾಡಿಸುತ್ತ, "ನೋಡಿ ಮೇಡಂ, ಇದು ಈ ಕೋಣೆಯಿಂದ ಹೊರಗೆ ಹೋಗೋ ಮಾತೇ ಇಲ್ಲ. ಹೀಗೆ ಬೇರು ಬಿಟ್ಟವನಿಗೆ ಒಂದು ನಾಮಫಲಕ ಮಾಡಿಸಬಹುದಲ್ಲ?" ಎಂದರು.

ದೊಡ್ಡಮ್ಮ ಎದ್ದು, ಮೇಜಿನ ಅಗಲವನ್ನು ಗೇಣು ಹಾಕಿ ಅಳೆದರು. ಬಾಗಿಲನ್ನೂ ಅಳೆದರು. ಎಂಜಿನಿಯರಮ್ಮನ ಕಡೆ ತಿರುಗಿ ಮೆಚ್ಚಿಗೆಯಿಂದ ತಲೆದೂಗಿದರು. ಕೊನೆಗೆ ಡಾಕ್ಟರನ್ನು ಈ ಭುಜದಿಂದ ಆ ಭುಜದವರೆಗೆ ನಿಧಾನವಾಗಿ ನೋಡಿದರು.

"ಮೇಜು ಹೋಗಲ್ಲ, ನಿಜ" ಎಂದರು. "ಇವರೂ ಹೋಗಲ್ಲ. ಆದ್ರೆ ಡಾಕ್ಟ್ರೇ, ನೀವು ಈ ಬಾಗಿಲಲ್ಲಿ ಆರಾಮಾಗಿ ಹೋಗ್ತೀರಲ್ಲ? ಫಲಕದ ವಿಚಾರ ಮುಂದಿನ ವರ್ಷ ನೋಡೋಣ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಾತ್ರೆ ತರಲು ಒಳಗೆ ಹೋದಳು. ಬಂದು ಬಡಿಸಿದಳು. ಡಾಕ್ಟರು ತಲೆ ತಗ್ಗಿಸಿ ಉಂಡರು.

"ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದಳು.

ಡಾಕ್ಟರು ಒಮ್ಮೆ ಬಾಗಿಲಿನ ಅಗಲ ನೋಡಿದರು, ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡರು.

"ಹಾಕು" ಎಂದರು. "ಇನ್ನೂ ಬಹಳ ಹಾಕ್ಬೇಕು."