ಮುಂದಕ್ಕೆ ಬಂದ ಮೀನಖಂಡ

ಮಾನ್ಯರೇ,

ಹಾಲೋಬ್ರಿಜ್ ಧರ್ಮಾರ್ಥ ಶಾಲೆಯ ಅಧ್ಯಕ್ಷರಾದ ಆಂಬ್ರೋಸ್ ಹ್ಯಾಸಲ್‌ವುಡ್ ಸಾಹೇಬರ ಪಾದಗಳಿಗೆ, ಪಾದಕ್ಕೂ ಮಂಡಿಗೂ ನಡುವಿನ ಭಾಗಕ್ಕೆ ವಿಶೇಷವಾಗಿ, ಕಾಲುಚೀಲ ಹೆಣೆದು ಬದುಕುವ ವಿಧವೆ ಡಾರ್ಕಸ್ ಟನಿಕ್ಲಿಫ್‌ಳ ನಮಸ್ಕಾರಗಳು. ಈ ಪತ್ರ ತಮ್ಮ ಕಣ್ಣಿಗೆ ಬೀಳದೆ ಹೋದೀತೆಂಬ ಭಯದಿಂದ ರೊಟ್ಟಿ ಅಂಗಡಿಯ ಬಾಗಿಲಿಗೂ ಇದರದೊಂದು ಪ್ರತಿ ಅಂಟಿಸಿದ್ದೇನೆ, ಕ್ಷಮಿಸಬೇಕು.

ನಮ್ಮಜ್ಜ ಹುಡುಗನಾಗಿದ್ದಾಗ ಬಟ್ಟೆ ಕತ್ತರಿಸಿ ಹೊಲಿದ ಚೀಲದೊಳಗೆ ಕಾಲು ತೂರಿಸಿಕೊಂಡು ಓಡಾಡುತ್ತಿದ್ದರಂತೆ. ಅದು ಜಾರಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಮ್ಮ ಆಳ್ವಿಕೆಯಲ್ಲಿ ಬಡ ಹುಡುಗರ ಕಾಲಿಗೂ ಭಾಗ್ಯ ಬಂತು: ಚರ್ಮ ಕೆರೆಯುವ ಹಳದಿ ಉಣ್ಣೆ, ಹಳದಿ ಕಂಡರೆ ಇಲಿ ಕಚ್ಚುವುದಿಲ್ಲವೆಂಬ ತಮ್ಮ ಸಂಶೋಧನೆ, ಜೊತೆಗೆ ಚೀಲ ಜಾರಿದಾಗಲೆಲ್ಲ ಬೆತ್ತದೇಟು. ಇಲಿಗಳಿಗೆ ಈ ವಿಷಯ ಇನ್ನೂ ತಲುಪಿಲ್ಲ. ತಾವೇ ಅವುಗಳಿಗೊಂದು ಸುತ್ತೋಲೆ ಹೊರಡಿಸಬೇಕು.

ಕಳೆದ ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ತಪಾಸಣೆ ನಡೆದಾಗ ನನ್ನ ಮಗ ಜಾಬೆಜ್‌ನ ಮಂಡಿಪಟ್ಟಿ ಕಿತ್ತುಹೋಗಿ ಕಾಲುಚೀಲ ಹಿಮ್ಮಡಿಗಿಳಿಯಿತು. "ಏನೋ, ನಿನ್ನ ಕಾಲೇ ನಿನ್ನ ಮಾತು ಕೇಳಲ್ವಾ? ನನ್ನ ಕಾಲು ನೋಡು!" ಎಂದು ಗರ್ಜಿಸಿ, ತಾವು ರೇಷ್ಮೆ ಕಾಲುಚೀಲ ತೊಟ್ಟ ಕಾಲನ್ನು ನೆಲಕ್ಕಪ್ಪಳಿಸಿದಿರಿ. ವಿಧೇಯನಾದ ಹುಡುಗ ನೋಡಿದ. ತಮ್ಮ ದುಂಡನೆಯ ಮೀನಖಂಡ ನಿಧಾನವಾಗಿ ಸುತ್ತು ಹಾಕಿ ಕಾಲಿನ ಮುಂಭಾಗಕ್ಕೆ ಬಂದು ನಿಂತಿತ್ತು.

"ಅಯ್ಯೋ ಸ್ವಾಮಿ, ನಿಮ್ಮ ಮೀನಖಂಡ ಮುಂದಕ್ಕೆ ಬಂದ್ಬಿಟ್ಟಿದೆ, ತುಂಬಾ ನೋಯ್ತಿದೆಯಾ?" ಎಂದು ಕೇಳಿದ್ದಕ್ಕೆ ತಾವು ಅವನನ್ನು ಶಾಲೆಯಿಂದಲೇ ಹೊರಗೆ ಹಾಕಿದಿರಿ. ಮಾನ್ಯರೇ, ಅವನು ಅಣಕಿಸಲಿಲ್ಲ, ಕನಿಕರಪಟ್ಟ. ಮನೆಗೆ ಬಂದವನೇ "ಅಮ್ಮ, ಅವರಿಗೆ ವೈದ್ಯರನ್ನ ಕರೆಸಿದ್ರಾ?" ಎಂದು ಕೇಳಿದ. ನಗುವನ್ನು ತಡೆಯಲು ನಾನು ಒಲೆಯ ಕಡೆ ತಿರುಗಿದೆ. ಶಾಲೆ ತಪ್ಪಿದರೆ ಅವನು ಸೋಮವಾರದಿಂದ ಕಾಲುಚೀಲದ ಮಗ್ಗಕ್ಕೆ ಹೋಗಬೇಕು. ಅವನಪ್ಪ ಕಣ್ಣು ಕಳೆದುಕೊಂಡದ್ದೂ ಕೆಮ್ಮಿ ಸತ್ತದ್ದೂ ಅದೇ ಮಗ್ಗದ ಮುಂದೆ ಎಂಬುದನ್ನು ಬರೆಯುವಾಗ ನನಗೆ ವಿನಯದ ಪದಗಳು ಸಿಗುತ್ತಿಲ್ಲ.

ಆದ್ದರಿಂದ ಹುಡುಗನನ್ನು ಮರಳಿ ಸೇರಿಸಿಕೊಳ್ಳಬೇಕು. ಅದಾಗದಿದ್ದರೆ, ಹುಡುಗರೆಲ್ಲರ ಮೀನಖಂಡಗಳೂ ಇನ್ನು ಮುಂದೆ ಮುಂಭಾಗದಲ್ಲೇ ಬೆಳೆಯತಕ್ಕದ್ದೆಂದು ಆಜ್ಞೆ ಹೊರಡಿಸಿ, ತಮಗೆ ಒಂಟಿತನ ಕಾಡದಂತೆ ನೋಡಿಕೊಳ್ಳಬೇಕು.

ತಮ್ಮ ಎರಡೂ ಕಾಲುಗಳ ಏಳಿಗೆಯನ್ನು ಬಯಸುವ,
ತಮ್ಮ ವಿಶ್ವಾಸಿ,
ಡಾರ್ಕಸ್ ಟನಿಕ್ಲಿಫ್

ತಾ.ಕ.: ತಮ್ಮ ಮನೆಗೆಲಸದವಳು ಇಂದು ಬೆಳಿಗ್ಗೆ ಕಾಲುಚೀಲದೊಳಗೆ ಇಟ್ಟು ಕಟ್ಟಿಕೊಳ್ಳುವ, ಹತ್ತಿ ತುಂಬಿದ ಆ ಮೀನಖಂಡಗಳನ್ನು ದುರಸ್ತಿಗೆಂದು ನನ್ನ ಹತ್ತಿರವೇ ತಂದುಕೊಟ್ಟಳು. ತೊಳೆದು ಬೀದಿಯ ಕಡೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದೇನೆ. ಜನ ಬಂದು ನೋಡಿ ಹೋಗುತ್ತಿದ್ದಾರೆ. ಯಾರವೆಂದು ಸದ್ಯಕ್ಕೆ ನಾನು ಹೇಳಿಲ್ಲ, ಅವರೂ ಕೇಳಿಲ್ಲ. ಜಾಬೆಜ್, ಮತ್ತೆ ಶಾಲೆಗೆ ಸೇರಿದ ದಿನ ಅಲ್ಲಿಂದ ಬರುವಾಗ ತಾನೇ ತಲುಪಿಸುತ್ತೇನೆ ಎನ್ನುತ್ತಿದ್ದಾನೆ.